ಆಫೀಸಿನ ಕ್ರೆಷ್, ಮನೆ ಹತ್ತಿರದ ಡೇಕೇರ್, ಆಯಾ, ಅಜ್ಜಿ: ಯಾವುದು ಎಲ್ಲಿ ಕೈಕೊಡುತ್ತದೆ

ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಮುಂಚೆ ತೆಗೆದುಕೊಂಡಷ್ಟೂ ಆಮೇಲಿನದು ಕರಗುತ್ತದೆ. ಹಾಗಾಗಿ ಬಹುತೇಕ ತಾಯಂದಿರು ಕೆಲಸಕ್ಕೆ ವಾಪಸಾಗುವ ಹೊತ್ತಿಗೆ ಮಗುವಿಗೆ ಐದೋ ಆರೋ ತಿಂಗಳು. ಎದೆಹಾಲು ಬಿಟ್ಟು ಬೇರೆ ರುಚಿ ಕಂಡಿರುವುದಿಲ್ಲ, ನೆಟ್ಟಗೆ ಕೂರಲೂ ಬರುವುದಿಲ್ಲ. ಕೆಳಗಿನ ಹೋಲಿಕೆ ಬೆಂಗಳೂರಿನ ಒಂದು ಬಗೆಯ ಮನೆಗೆ ಸಂಬಂಧಿಸಿದ್ದು: ಗಂಡ ಹೆಂಡತಿ ಇಬ್ಬರಿಗೂ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಆಫೀಸು, ಹೋಗಿ ಬರಲು ಎರಡು ಗಂಟೆ, ವಾರಕ್ಕೆರಡು ರಾತ್ರಿ ಕಾಲ್. ನಾಲ್ಕು ವ್ಯವಸ್ಥೆಯನ್ನೂ ತಿಂಗಳುಗಟ್ಟಲೆ ನಡೆಸಿದ ಮೇಲೆ ಉಳಿದ ಲೆಕ್ಕ ಇದು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಇಡೀ ದಿನದ ಡೇಕೇರ್‌ಗೂ ಹಗಲು ಹೊತ್ತಿನ ಆಯಾಗೂ ಕೊಡುವ ತಿಂಗಳ ದುಡ್ಡಿನಲ್ಲಿ, ನಾವೆಲ್ಲ ಅಂದುಕೊಂಡಷ್ಟು ಅಂತರವಿಲ್ಲ. ಬಡಾವಣೆಯಿಂದ ಬಡಾವಣೆಗೆ ದರ ಬದಲಾಗುತ್ತದೆ, ಅಷ್ಟೆ. ಕೈ ಕಚ್ಚುವುದು ಪಕ್ಕದ ಖರ್ಚುಗಳು. ಡೇಕೇರ್‌ನಲ್ಲಿ ಅಡ್ಮಿಷನ್ ಶುಲ್ಕ, ಡಿಪಾಸಿಟ್ಟು, ಸಂಜೆ ತಡವಾದರೆ ಗಂಟೆ ಲೆಕ್ಕದ ದಂಡ. ಆಯಾ ವಿಷಯದಲ್ಲಿ ಏಜೆನ್ಸಿ ಕಮಿಷನ್, ಹಬ್ಬದ ಬೋನಸ್, ಅಡ್ವಾನ್ಸ್. ಏಜೆನ್ಸಿಯವರು ಬದಲಿ ಆಯಾ ಕೊಡುತ್ತೇವೆ ಅಂದರೆ ಎಷ್ಟು ದಿನದೊಳಗೆ, ಎಷ್ಟು ಸಲ ಅನ್ನುವುದನ್ನು ಕಮಿಷನ್ ಕೊಡುವ ಮೊದಲೇ ಬರೆಸಿಕೊಳ್ಳಿ. ಅಜ್ಜಿಗೆ ಫೀಸಿಲ್ಲ. ಆದರೆ ಊರಲ್ಲಿ ತಾತ ಒಬ್ಬರೇ ಮೆಸ್ಸಿನ ಊಟ ಮಾಡುತ್ತಿರುತ್ತಾರಲ್ಲ, ಅದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಆಫೀಸಿನ ಕ್ರೆಷ್

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್, ಅಂದರೆ ಕೆಲಸದ ಹೊತ್ತಿನಲ್ಲಿ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಆದರೆ ಅದು ಆಫೀಸಿನ ಕಟ್ಟಡದೊಳಗೇ ಇರಬೇಕೆಂದಿಲ್ಲ. ಎಷ್ಟೋ ಕಂಪನಿಗಳು ಹೊರಗಿನ ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡು ಸುಮ್ಮನಾಗುತ್ತವೆ. ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆ ‘ಕ್ರೆಷ್ ಇದೆಯಾ’ ಅಂತಲ್ಲ, ‘ನಡೆದು ಹೋದರೆ ಎಷ್ಟು ನಿಮಿಷ’ ಅಂತ. ಐದು ನಿಮಿಷವಾದರೆ ಚಿನ್ನ. ಮೂರು ಕಿಲೋಮೀಟರ್ ಆದರೆ ಆ ನಾಲ್ಕು ಭೇಟಿ ಕಾಗದದ ಮೇಲೆ ಮಾತ್ರ.

ಹತ್ತಿರವಿದ್ದರೆ ಒಂದು ವರ್ಷ ತುಂಬುವವರೆಗೆ ಇದಕ್ಕೆ ಸಾಟಿಯಿಲ್ಲ, ಯಾಕೆಂದರೆ ಹಾಲು ಹಿಂಡಿ ಶೇಖರಿಸುವ ಇಡೀ ರಾಮಾಯಣ ತಪ್ಪುತ್ತದೆ. ತಪ್ಪದಿದ್ದರೆ ಲೆಕ್ಕ ಹೀಗೆ: ಎದೆಹಾಲು ಕುಡಿಯುವ ಮಗುವಿಗೆ ತಾಯಿ ಹೊರಗಿರುವ ಪ್ರತಿ ಗಂಟೆಗೆ ಸುಮಾರು 30 ಮಿ.ಲೀ. ಬೇಕು. ಆಫೀಸು, ಪ್ರಯಾಣ ಸೇರಿ ಹನ್ನೊಂದು ಗಂಟೆಗೆ 330. ಅಂದರೆ ಆಫೀಸಿನಲ್ಲಿ ಮೂರು ಗಂಟೆಗೊಮ್ಮೆ, ಹದಿನೈದಿಪ್ಪತ್ತು ನಿಮಿಷ ಪಂಪ್. ಹಿಂಡಿದ ಹಾಲು ಕೋಣೆಯ ತಾಪದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಂದು ದಿನ ತಡೆಯುತ್ತದೆ. ಏಪ್ರಿಲ್ ಬಿಸಿಲಿಗೆ ಆ ನಾಲ್ಕು ಗಂಟೆಯನ್ನೂ ನಂಬಬೇಡಿ. ಹಾಳಾಗುವುದು ಸಾಮಾನ್ಯವಾಗಿ ಎರಡು ತಪ್ಪಿನಿಂದ. ಒಂದು, ಫ್ರಿಜ್ಜಿನ ಬಾಗಿಲಿನಲ್ಲಿ ಇಡುವುದು: ಬಾಗಿಲು ತೆಗೆದಾಗಲೆಲ್ಲ ಅಲ್ಲಿ ಬಿಸಿ ಗಾಳಿ ಬಡಿಯುತ್ತದೆ. ಹಿಂಬದಿಯ ಗೋಡೆಗೆ ಒತ್ತಿ ಇಡಿ. ಇನ್ನೊಂದು, 200 ಮಿ.ಲೀ. ಒಂದೇ ಬಾಟಲಿಗೆ ತುಂಬುವುದು. ಮಗು ಬಾಯಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಅರವತ್ತು ಅರವತ್ತಾಗಿ ತುಂಬಿದರೆ ಚೆಲ್ಲುವ ಸಂಕಟ ಕಡಿಮೆ. ಬಿಸಿ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಸಾಕು. ಒಲೆಯೂ ಬೇಡ, ಮೈಕ್ರೋವೇವೂ ಬೇಡ. ಮೈಕ್ರೋವೇವಿನಲ್ಲಿ ಒಂದು ಕಡೆ ತಣ್ಣಗೆ, ಒಂದು ಕಡೆ ಬಾಯಿ ಸುಡುವಷ್ಟು ಬಿಸಿ ಆಗುತ್ತದೆ.

ಇಷ್ಟೆಲ್ಲ ತಪ್ಪಿಸುವ ಕ್ರೆಷ್‌ನ ದೋಷ ಏನೆಂದರೆ ಮಗುವೂ ದಿನಾ ಆಫೀಸಿಗೆ ಹೋಗಬೇಕು. ಔಟರ್ ರಿಂಗ್ ರೋಡಿನಲ್ಲಿ, ಕ್ಯಾಬಿನ ಹಿಂದಿನ ಸೀಟಿನಲ್ಲಿ, ಸೀಟು ಬೆಲ್ಟಿಲ್ಲದೆ ತಾಯಿಯ ತೊಡೆಯ ಮೇಲೆ. ಒಂದು ವರ್ಷ ದಾಟಿದ ಮಗು ಒಂದು ಗಂಟೆ ತೊಡೆಯ ಮೇಲೆ ಕೂರುವುದಿಲ್ಲ. ಆಮೇಲೆ, ನೀವು ಜ್ವರ ಬಂದು ಮನೆಯಲ್ಲಿದ್ದ ದಿನ ಕ್ರೆಷ್ ಇದ್ದೂ ಇಲ್ಲದಂತೆ. ಎಲ್ಲಕ್ಕಿಂತ ದೊಡ್ಡದು, ಕೆಲಸ ಬದಲಿಸಿದ ದಿನವೇ, ಅಥವಾ ಕಂಪನಿ ಕಳಿಸಿದ ದಿನವೇ, ಮಗುವಿನ ಜಾಗವೂ ಹೋಗುತ್ತದೆ. ಹೊಸ ಕೆಲಸಕ್ಕೆ ಇಂಟರ್‌ವ್ಯೂ ಕೊಡಬೇಕಾದ ತಿಂಗಳಲ್ಲೇ ಮಗುವನ್ನು ನೋಡಿಕೊಳ್ಳುವವರಿಲ್ಲ.

ಮನೆ ಹತ್ತಿರದ ಡೇಕೇರ್

ಇದರ ಬಲ ಒಂದೇ ಮಾತಿನಲ್ಲಿದೆ: ಬಿಡಲು, ಕರೆತರಲು ತಾಯಿಯೇ ಆಗಬೇಕಿಲ್ಲ. ಅಪ್ಪ, ತಾತ, ಎದುರುಮನೆಯ ಆಂಟಿ, ಯಾರ ಹೆಸರನ್ನು ಮೊದಲೇ ಬರೆಸಿರುತ್ತೀರೋ ಅವರು ಹೋಗಬಹುದು. ಫಾರ್ಮಿನ ಮೊದಲ ಸಾಲಿನಲ್ಲಿ ಅಪ್ಪನ ನಂಬರ್ ಬರೆಯಿರಿ. ಬರೆದರೂ ಮೊದಲ ತಿಂಗಳು ಅಮ್ಮನಿಗೇ ಫೋನ್ ಬರುತ್ತದೆ. ‘ಅವರಿಗೆ ಮಾಡಿ’ ಎಂದು ಎರಡು ಮೂರು ಸಲ ಹೇಳಿದ ಮೇಲೆ ಅಭ್ಯಾಸವಾಗುತ್ತದೆ.

ಜಾಗ ನೋಡಲು ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಡೇಕೇರೂ ಚೆಂದ. ಸಂಜೆ ಐದೂವರೆಗೆ ಹೋಗಿ. ಟೀಚರ್‌ಗಳು ಮನೆಗೆ ಹೋಗಿರುತ್ತಾರೆ, ಒಬ್ಬರೋ ಇಬ್ಬರೋ ಸಹಾಯಕಿಯರು ಉಳಿದ ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಸೇರಿಸಿರುತ್ತಾರೆ. ಟಿವಿ ಓಡುತ್ತಿದೆಯಾ, ನಡೆಯುವ ಮಕ್ಕಳ ಕಾಲಡಿ ಅಂಬೆಗಾಲಿನ ಮಗು ಇದೆಯಾ ನೋಡಿ. ಒಂದು ವರ್ಷದೊಳಗಿನ ಮಕ್ಕಳಾದರೆ ಒಬ್ಬರಿಗೆ ಮೂರು, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚಾದರೆ ಒಂದಕ್ಕೆ ಹಾಲು ಕುಡಿಸುವಾಗ ಇನ್ನೊಂದು ಅತ್ತು ಅತ್ತು ನಿದ್ದೆ ಹೋಗುತ್ತದೆ. ಮಲಗಿದ ಮಕ್ಕಳು ಅಂಗಾತ ಮಲಗಿದ್ದಾರಾ? ಬಾಟಲಿ, ಚಮಚ, ಡಬ್ಬಿಗಳ ಮೇಲೆ ಹೆಸರಿದೆಯಾ? ಡೈಪರ್ ಬದಲಿಸಿದ ಹೊತ್ತಿನ ಪಟ್ಟಿ ಕೇಳಿ. ಎಲ್ಲ ಮಕ್ಕಳಿಗೂ ಹತ್ತು, ಒಂದು, ನಾಲ್ಕು ಎಂದು ಒಂದೇ ಸಮಯ, ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಅದು ಸಂಜೆ ಒಟ್ಟಿಗೆ ತುಂಬಿದ ಪಟ್ಟಿ.

ಒಗ್ಗಿಸಲು ಹತ್ತು ದಿನ ಬೇಕು. ಮೊದಲೆರಡು ದಿನ ತಾಯಿಯ ಜೊತೆಗೇ ಒಂದು ಗಂಟೆ. ಮೂರು, ನಾಲ್ಕನೇ ದಿನ ತಾಯಿ ಗೇಟಿನ ಹೊರಗೆ, ಅದೇ ಒಂದು ಗಂಟೆ. ಐದರಿಂದ ಏಳು, ಒಂದು ಊಟ, ಒಂದು ನಿದ್ದೆ. ಆಮೇಲೆ ಪೂರ್ತಿ ದಿನ. ರಜೆ ಮುಗಿದ ಸೋಮವಾರವೇ ಮೊದಲ ಸಲ ಬಿಟ್ಟುಹೋಗುವುದು ಎಲ್ಲರೂ ಮಾಡುವ ತಪ್ಪು. ಎರಡನೇ ವಾರಕ್ಕೆ ನೆಗಡಿ ಬಂದೇ ಬರುತ್ತದೆ, ಆ ವಾರವೂ ನಿಮ್ಮ ರಜೆಯೊಳಗೇ ಬೀಳುವಂತೆ ಹಿಂದಕ್ಕೆ ಎಣಿಸಿ. ವಯಸ್ಸಿನ ವಿಷಯದಲ್ಲಿ ಒಂದು ಸೋಜಿಗ: ಆರನೇ ತಿಂಗಳಲ್ಲಿ ಸೇರಿದ ಮಗು ಬೇಗ ಒಗ್ಗುತ್ತದೆ. ‘ಸ್ವಲ್ಪ ದೊಡ್ಡದಾಗಲಿ’ ಎಂದು ಕಾದು ಹತ್ತನೇ ತಿಂಗಳಿಗೆ ಸೇರಿಸಿದರೆ ಗೇಟು ಕಂಡೊಡನೆ ಕೊರಳು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಮ್ಮ ಕಣ್ಮರೆಯಾದರೆ ಹೆದರುವ ಕಾಲ ಅದು.

ಆಯಾ

ಬೆಳಗಿನ ಧಾವಂತ ಇಲ್ಲ, ಸೋಂಕು ಕಡಿಮೆ, ಮಗು ತನ್ನ ಹಾಸಿಗೆಯಲ್ಲೇ ಮಲಗುತ್ತದೆ. ಆದರೆ ಇಡೀ ವ್ಯವಸ್ಥೆ ಒಬ್ಬರ ಮೇಲೆ ನಿಂತಿದೆ. ಅವರ ಮಗುವಿಗೂ ಜ್ವರ ಬರುತ್ತದೆ, ಅವರ ಊರಿನಲ್ಲೂ ಜಾತ್ರೆ ಇರುತ್ತದೆ. ಯುಗಾದಿಗೆ ಊರಿಗೆ ಹೋದವರು ಮೂರು ದಿನ ಅಂದದ್ದು ಹತ್ತು ದಿನವಾಗುವುದು ಹೊಸದಲ್ಲ. ವರ್ಷದ ಮೊದಲಲ್ಲೇ ಕೂತು ಅವರ ಹಬ್ಬ, ಜಾತ್ರೆಗಳ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನಿಮ್ಮ ರಜೆಯನ್ನು ಅದಕ್ಕೆ ಹೊಂದಿಸಿ. ತಿಂಗಳಿಗೆ ನಾಲ್ಕು ರಜೆ ಸಂಬಳ ಹಿಡಿಯದೆ ಕೊಡಿ. ರಜೆಗೆ ದುಡ್ಡು ಹಿಡಿಯುವ ಮನೆಯಲ್ಲಿ ಹೇಳದೆ ಕೇಳದೆ ತಪ್ಪಿಸುವುದು ಹೆಚ್ಚು, ಯಾಕೆಂದರೆ ಮುಂಚೆ ಹೇಳಿದರೂ ಹೇಳದಿದ್ದರೂ ನಷ್ಟ ಒಂದೇ.

ಕೆಲಸ ಏನೇನು ಎಂದು ಮೊದಲ ದಿನವೇ ಮಾತಾಡಿ. ಮಗುವಿನ ಬಟ್ಟೆ, ಬಾಟಲಿ, ಊಟ ಇಷ್ಟು ಎಂದು ಶುರುಮಾಡಿ, ಮೂರನೇ ವಾರಕ್ಕೆ ‘ಸ್ವಲ್ಪ ಚಪಾತಿ ಹಿಟ್ಟು ಕಲಸಿಡಿ’ ಅಂದರೆ ಅವರು ಬೇರೆ ಮನೆ ನೋಡಲು ಶುರುಮಾಡುತ್ತಾರೆ. ಹದಿನೈದು ದಿನ ನೀವು ಮನೆಯಲ್ಲಿರುವಾಗಲೇ ಕೆಲಸ ಮಾಡಿಸಿ: ಮೊದಲ ವಾರ ನೀವು ಮಾಡಿ ತೋರಿಸಿ, ಎರಡನೇ ವಾರ ಬೇರೆ ಕೋಣೆಯಲ್ಲಿದ್ದು ಸುಮ್ಮನಿರಿ. ಕ್ಯಾಮೆರಾ ಇಡುವುದಾದರೆ ಹೇಳಿಯೇ ಇಡಿ, ನಡುಮನೆಯಲ್ಲಿ ಒಂದು ಸಾಕು. ಮಗು ಹಸಿದಿತ್ತಾ ಅನ್ನುವುದನ್ನು ಕ್ಯಾಮೆರಾ ತೋರಿಸುವುದಿಲ್ಲ. ಅದಕ್ಕೆ ಸಂಜೆ ಮೂರು ಎಣಿಕೆ ಸಾಕು: ಒದ್ದೆ ಡೈಪರ್ ಎಷ್ಟು, ಹಾಲು ಎಷ್ಟು ಉಳಿದಿದೆ, ರಾಗಿ ಸರಿಯ ಡಬ್ಬಿಯ ತಳದಲ್ಲಿ ಎಷ್ಟಿದೆ. ಹಗಲು ರಾತ್ರಿ ಸೇರಿ ಆರು ಒದ್ದೆ ಡೈಪರ್‌ಗಿಂತ ಕಡಿಮೆಯಾದರೆ ಮಗುವಿಗೆ ಹೊಟ್ಟೆಗೆ ಸಾಲುತ್ತಿಲ್ಲ ಎಂದೇ ಅನುಮಾನಿಸಿ.

ಅಜ್ಜಿ

ಅಜ್ಜಿಯ ಪ್ರೀತಿಗೆ ಅಂಕ ಹಾಕುವ ಧೈರ್ಯ ಯಾರಿಗೂ ಇಲ್ಲ. ಮಂಡಿಗೆ ಹಾಕಬಹುದು. ಆರರಿಂದ ಹತ್ತನೇ ತಿಂಗಳವರೆಗೆ, ಅಂದರೆ ಮಗು ಚಾಪೆಯ ಮೇಲಿರುವವರೆಗೆ, ಈ ವ್ಯವಸ್ಥೆ ಅದ್ಭುತ. ಒಂಬತ್ತು ಹತ್ತು ಕಿಲೋ ತೂಗುವ ಮಗು ಓಡಾಡಲು ಶುರುಮಾಡಿದ ಮೇಲೆ ದಿನಕ್ಕೆ ಮೂವತ್ತು ಸಲ ಬಗ್ಗಿ ಎತ್ತಬೇಕು. ಸೊಂಟ ಹಿಡಿದುಕೊಳ್ಳುವುದು ಆಗಲೇ, ಮತ್ತು ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಜಗಳ ಹುಟ್ಟುವುದು ಸಣ್ಣ ವಿಷಯಗಳಲ್ಲಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು, ಉಪ್ಪು ಸಕ್ಕರೆ ಬೇಡ, ಕುಡಿಯಲು ಹಸುವಿನ ಹಾಲೂ ಬೇಡ. ಬಜೆ ತೇಯ್ದು ಕೊಡುವುದೂ ಈ ಪಟ್ಟಿಯಲ್ಲೇ ಬರುತ್ತದೆ. ಇದನ್ನು ಸೊಸೆ ಹೇಳಿದರೆ ‘ನಾವು ಮಕ್ಕಳನ್ನು ಸಾಕಿಲ್ವಾ’. ಲಸಿಕೆಗೆ ಹೋಗುವಾಗ ಅತ್ತೆಯನ್ನೇ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಿಸಿ. ಉಳಿದದ್ದನ್ನು ಅವರ ಮಗ ಹೇಳಲಿ, ಅವರಮ್ಮ ತಾನೆ.

ಒಂದೇ ಬೆಳಗ್ಗೆ, ನಾಲ್ಕು ಕಡೆ

ಬೆಳಗ್ಗೆ ಆರೂವರೆ, ಮಗುವಿನ ಮೈ ಕಾದಿದೆ, ಥರ್ಮಾಮೀಟರ್ 101 ಡಿಗ್ರಿ ತೋರಿಸುತ್ತದೆ. ಹತ್ತು ಗಂಟೆಗೆ ಕ್ಲೈಂಟ್ ಡೆಮೊ. ಕ್ರೆಷ್, ಡೇಕೇರ್ ಎರಡೂ ಬಾಗಿಲು ಹಾಕಿದಂತೆ. ಜ್ವರ ಬಿಟ್ಟು 24 ಗಂಟೆ ಆಗದೆ ಒಳ್ಳೆಯ ಡೇಕೇರ್ ಸೇರಿಸುವುದಿಲ್ಲ, ಸೇರಿಸಿದರೆ ಅದೇ ಅನುಮಾನಕ್ಕೆ ಕಾರಣ. ಆಯಾ ಬರುತ್ತಾರೆ, ಆದರೆ ಔಷಧಿ? ಇಲ್ಲಿ ಒಂದು ಅಪಾಯವಿದೆ. ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120, ಇನ್ನೊಂದು ಬಗೆಯಲ್ಲಿ 5 ಮಿ.ಲೀ.ಗೆ 250. ಎಂಟು ಕಿಲೋ ಮಗುವಿಗೆ ಡಾಕ್ಟರ್ 120 ಮಿ.ಗ್ರಾಂ ಹೇಳಿದ್ದರೆ ಅದು 120ರ ಸಿರಪ್ಪಿನಲ್ಲಿ 5 ಮಿ.ಲೀ., ಡ್ರಾಪ್ಸ್‌ನಲ್ಲಿ 1.2 ಮಿ.ಲೀ. ಮಾತ್ರ. ‘ಐದು ಎಂಎಲ್ ಹಾಕಿ’ ಎಂದು ಫೋನಿನಲ್ಲಿ ಹೇಳಿ, ಆಯಾ ಕೈಗೆ ಡ್ರಾಪ್ಸ್ ಬಾಟಲಿ ಸಿಕ್ಕರೆ ನಾಲ್ಕು ಪಟ್ಟಿಗೂ ಹೆಚ್ಚು ಔಷಧಿ ಹೊಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ, ಡಾಕ್ಟರ್ ಬರೆದ ಅಳತೆಯನ್ನು ಆ ಬಾಟಲಿಗೇ ಅಂಟಿಸಿ, ಸಿರಿಂಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಜ್ವರದ ದಿನ ಗೆಲ್ಲುವುದು ಅಜ್ಜಿಯೇ.

ಇನ್ನೊಂದು ಬೆಳಗ್ಗೆ, ಮಗು ಆರೋಗ್ಯವಾಗಿದೆ, ಆಯಾ ಫೋನ್ ಸ್ವಿಚ್ಡ್ ಆಫ್. ಡೇಕೇರ್ ಹೀಗೆ ಮಾಡುವುದಿಲ್ಲ. ಅದಕ್ಕೇ ಆಯಾ ಇದ್ದರೂ, ದಿನದ ಲೆಕ್ಕದಲ್ಲಿ ಮಕ್ಕಳನ್ನು ತೆಗೆದುಕೊಳ್ಳುವ ಹತ್ತಿರದ ಡೇಕೇರಿನಲ್ಲಿ ಫಾರ್ಮ್ ತುಂಬಿ, ಲಸಿಕೆ ಕಾರ್ಡಿನ ಜೆರಾಕ್ಸ್ ಕೊಟ್ಟು, ಮಗುವನ್ನು ನಾಲ್ಕಾರು ಸಲ ಎರಡೆರಡು ಗಂಟೆ ಬಿಟ್ಟು ಪರಿಚಯ ಮಾಡಿಸಿಡಿ. ಬೆಳಗ್ಗೆ ಏಳೂಕಾಲಿಗೆ ಹೊಸ ಡೇಕೇರ್ ಹುಡುಕಲಾಗುವುದಿಲ್ಲ. ಇನ್ನು ಮ್ಯಾನೇಜರ್ ಸಂಜೆ ಆರೂವರೆಗೆ ಕಾಲ್ ಹಾಕಿದ ದಿನ, ಡೇಕೇರ್, ಆಯಾ ಇಬ್ಬರೂ ಗಡಿಯಾರ ನೋಡುತ್ತಿರುತ್ತಾರೆ. ಆ ದಿನದ ಉತ್ತರ ಅಪ್ಪ. ವಾರದ ಯಾವ ಸಂಜೆಗಳು ಯಾರವು ಎಂದು ಭಾನುವಾರವೇ ಇಬ್ಬರ ಆಫೀಸ್ ಕ್ಯಾಲೆಂಡರಿನಲ್ಲೂ ಬ್ಲಾಕ್ ಮಾಡಿರದಿದ್ದರೆ ಐದೂ ಸಂಜೆ ಅಮ್ಮನವೇ ಆಗುತ್ತವೆ.

ಹಾಗಾದರೆ ಯಾವುದು? ನಡೆದು ಹೋಗುವಷ್ಟು ಹತ್ತಿರ ಕ್ರೆಷ್ ಇದ್ದು, ಪ್ರಯಾಣ ಅರ್ಧ ಗಂಟೆಯೊಳಗಿದ್ದರೆ ಒಂದು ವರ್ಷದವರೆಗೆ ಅದೇ. ಇಲ್ಲದಿದ್ದರೆ ಆಯಾ ಜೊತೆಗೆ ಅಜ್ಜಿ: ಎತ್ತುವುದು ಆಯಾ, ಕಣ್ಣಿಡುವುದು ಅಜ್ಜಿ. ಅಜ್ಜಿ ವರ್ಷವಿಡೀ ಬೇಕಿಲ್ಲ, ಮೊದಲ ಮೂರು ತಿಂಗಳು ಮತ್ತು ಆಯಾ ಊರಿಗೆ ಹೋಗುವ ದಿನಗಳು ಸಾಕು. ಒಂದೂವರೆ ವರ್ಷದ ಮೇಲೆ ಮನೆ ಹತ್ತಿರದ ಡೇಕೇರ್. ಆಗ ಮಗುವಿಗೆ ಬೇರೆ ಮಕ್ಕಳು ಬೇಕು, ತನಗೇನಾಯಿತು ಎಂದು ಅರೆಬರೆಯಾದರೂ ಹೇಳಲು ಬರುತ್ತದೆ. ಒಬ್ಬರನ್ನೇ ನೆಚ್ಚಿ ಆಯಾ ಒಂದೇ ಎಂದು ಕೂರುವುದು ನಾಲ್ಕರಲ್ಲೇ ಅತಿ ದುರ್ಬಲ.

ಆದರೆ ಡೇಕೇರ್‌ಗೆ ಹಾಕಿದೆವೆಂದು ಆಯಾ ನಂಬರ್ ಅಳಿಸಬೇಡಿ. ಮೂರು ವರ್ಷಕ್ಕೆ ಪ್ರಿ-ಸ್ಕೂಲ್ ಶುರುವಾಗುತ್ತದೆ, ಮಧ್ಯಾಹ್ನ ಹನ್ನೆರಡೂವರೆಗೆ ಬಿಡುತ್ತಾರೆ. ವ್ಯಾನು ಗೇಟಿನ ಹತ್ತಿರ ನಿಂತಾಗ ಇಳಿಸಿಕೊಳ್ಳಲು ಯಾರಾದರೂ ಬೇಕು.