ಕೆಟ್ಟ ವಾಷಿಂಗ್ ಮಷಿನ್: ರಿಪೇರಿಯೋ, ಹೊಸದೋ?

ಕೆಟ್ಟಿರುವುದು ಯಾವ ಭಾಗವೆಂದು ಮೊದಲು ತಿಳಿದುಕೊಳ್ಳಿ. ಖರ್ಚಿನ ಲೆಕ್ಕ ಅಲ್ಲಿಂದಲೇ ಶುರು. ನೀರು ಹೊರಹೋಗದಿದ್ದರೆ ಎಷ್ಟೋ ಸಲ ಪಂಪಿನ ಫಿಲ್ಟರ್‌ನಲ್ಲಿ ನಾಣ್ಯವೋ ಅಂಗಿಯ ಗುಂಡಿಯೋ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ ತೊಳೆದರೆ ಸಾಕು. ಬೆಲ್ಟ್, ಪಂಪ್, ಬಾಗಿಲಿನ ರಬ್ಬರ್ ಹೋಗಿದ್ದರೂ ರಿಪೇರಿಯೇ ಲೇಸು.

ಬಟ್ಟೆ ಹಾಕುವ ಡ್ರಮ್ ಸಲೀಸಾಗಿ ತಿರುಗುವಂತೆ ಹಿಡಿದಿಡುವ ಬೇರಿಂಗ್ ಮಾತು ಬೇರೆ. ಹಿಂಡುವಾಗ ಗರಗರ ಸದ್ದು ಬರುತ್ತಿದ್ದು, ಡ್ರಮ್ಮಿನ ಸುತ್ತ ನೀರು ಹಿಡಿಯುವ ಟಬ್ ಬಿಚ್ಚಲಾಗದಂತೆ ಮುಚ್ಚಿದ ಮಾದರಿಯದಾದರೆ ಇಡೀ ಟಬ್ಬನ್ನೇ ಬದಲಿಸಬೇಕಾಗಬಹುದು. ಆ ಖರ್ಚು ಹೊಸ ಯಂತ್ರದ ಅರ್ಧ ಬೆಲೆ ದಾಟಿ, ಯಂತ್ರಕ್ಕೆ 10 ವರ್ಷವೂ ಆಗಿದ್ದರೆ ನಾನು ಹೊಸದನ್ನೇ ಕೊಳ್ಳುತ್ತೇನೆ. 4 ವರ್ಷದ್ದಾದರೆ ರಿಪೇರಿ ಮಾಡಿಸುತ್ತೇನೆ. ಚೆನ್ನಾಗಿರುವ ಮೋಟಾರನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ.

ಹೊಸದಕ್ಕೆ ವಾರಂಟಿ ಇರುತ್ತದೆ, ನೀರು, ವಿದ್ಯುತ್ ಉಳಿಯಲೂಬಹುದು. ವಾರಕ್ಕೆ ಎರಡೇ ಸಲ ಒಗೆಯುವವರಿಗೆ ಆ ಉಳಿತಾಯ ಅಲ್ಪ. ದಿನವೂ ಒಗೆಯುವ ದೊಡ್ಡ ಕುಟುಂಬಕ್ಕೆ ಅದು ಲೆಕ್ಕಕ್ಕೆ ಸಿಗುತ್ತದೆ.