ಕಲಬುರಗಿಗೆ ವಿಮಾನವೋ, ವಂದೇ ಭಾರತೋ, ರಾತ್ರಿ ರೈಲೋ?

ಬೆಂಗಳೂರಿನ ಜಯನಗರದಿಂದ ಕಲಬುರಗಿಯ ಅವ್ವನ ಮನೆಗೆ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇನೆ. ಮೂರನ್ನೂ ಹತ್ತಿ ನೋಡಿದ್ದಾಯ್ತು.

ವಿಮಾನದ ಟಿಕೆಟ್ ಮೊದಲ ಸಲ 2,400 ರೂಪಾಯಿಗೆ ಸಿಕ್ಕಿತ್ತು. ಉಡಾನ್ ಸೀಟು, ಅಂದರೆ ಸಣ್ಣ ಊರುಗಳಿಗೂ ಅಗ್ಗದ ವಿಮಾನ ಸಿಗಲಿ ಅಂತ ಕೇಂದ್ರ ಸರ್ಕಾರ ಮಾಡಿದ ಯೋಜನೆಯ ಸೀಟು. 2019ರ ನವೆಂಬರ್ 22ಕ್ಕೆ ಕಲಬುರಗಿ ನಿಲ್ದಾಣ ಶುರುವಾದಾಗ ಬೆಂಗಳೂರು ವಿಮಾನ ಬಂದದ್ದೇ ಆ ಯೋಜನೆಯಲ್ಲಿ. ಸುಮಾರು ಅರ್ಧ ಸೀಟುಗಳನ್ನು ಕಂಪನಿ ಅಗ್ಗದ ದರಕ್ಕೆ ಕೊಡಬೇಕಿತ್ತು, ಆದ ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಅದೂ ಮೂರು ವರ್ಷ ಮಾತ್ರ. ಉಳಿದ ಸೀಟಿಗೆ ಕಂಪನಿ ಹೇಳಿದ್ದೇ ರೇಟು. ಅಕ್ಕನ ಮಗನ ಜವಳಕ್ಕೆ ಎರಡು ದಿನ ಮುಂಚೆ ಬುಕ್ ಮಾಡಿದೆ, 6,000 ಹತ್ತಿರ ಹೋಯಿತು.

ಹಾರುವುದು ಒಂದು ಗಂಟೆ ಚಿಲ್ಲರೆ. ಆದರೆ ಜಯನಗರದಿಂದ ದೇವನಹಳ್ಳಿ ಮುಟ್ಟಲು ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಐದೂವರೆ ಗಂಟೆ. ಆದರೂ ಅವ್ವ, "ಇಷ್ಟು ಲಗೂ ಹ್ಯಾಂಗ ಬಂದಿಯೋ?" ಅಂದಳು!

ಕಲಬುರಗಿ ನಿಲ್ದಾಣ ಮಾತ್ರ ನನಗೆ ಬಲು ಇಷ್ಟ. ಇಳಿಯುವಾಗ ಕೆಳಗೆ ತೊಗರಿ ಹೊಲ. ಬೆಲ್ಟ್ ಹತ್ತಿರ ಹೋಗಿ ನಿಲ್ಲುವಷ್ಟರಲ್ಲಿ ಬ್ಯಾಗು ಬಂದಿರುತ್ತೆ. ಹೊರಗೆ ಬಂದರೆ ಊರಿಗೆ ಹೋಗಲು ಆಟೋದವರ ಜೊತೆ ಚೌಕಾಸಿ. ವಾಪಸ್ ಬರುವಾಗ ಕಡಕ್ ರೊಟ್ಟಿ ಸೆಕ್ಯುರಿಟಿಯಲ್ಲಿ ಪಾಸಾಯಿತು, ಉಪ್ಪಿನಕಾಯಿ ಡಬ್ಬಿ ಅಲ್ಲೇ ಉಳಿಯಿತು. ಚೆಕ್-ಇನ್ ಬ್ಯಾಗಿಗೆ ಹಾಕಬೇಕಿತ್ತು, ತಪ್ಪು ನನ್ನದೇ.

ಮೂರನೇ ಸಲ ಹೊರಡುವ ಹಿಂದಿನ ಸಂಜೆ ಮೆಸೇಜ್ ಬಂತು, ವಿಮಾನ ರದ್ದು. ದುಡ್ಡು ವಾಪಸ್ ಬಂತು, ಸರಿ. ಆದರೆ ಅಲ್ಲಿಗೆ ದಿನಕ್ಕೆ ಹತ್ತು ವಿಮಾನ ಇರುತ್ತವಾ? ಸ್ಲೀಪರ್ ಬಸ್ ಹಿಡಿದೆ. ಅದರ ಬಗ್ಗೆ ಹೆಚ್ಚಿಗೆ ಹೇಳಲ್ಲ, ಸೊಂಟ ಇನ್ನೂ ಮರೆತಿಲ್ಲ.

ವಂದೇ ಭಾರತ್ 2024ರ ಮಾರ್ಚ್‌ನಲ್ಲಿ ಬಂತು. ಸೀಟು ಚೆನ್ನಾಗಿದೆ, ಊಟವೂ ಪರವಾಗಿಲ್ಲ. ಆದರೆ ಬೈಯಪ್ಪನಹಳ್ಳಿಯಿಂದ ಮಧ್ಯಾಹ್ನ ಹೊರಟರೆ ಮುಟ್ಟುವುದು ರಾತ್ರಿ 11ರ ಮೇಲೆ. ಒಂದು ರಜೆ ಸುಮ್ನೆ ಖರ್ಚು. ಹಗಲಲ್ಲಿ ಕಿಟಕಿ ನೋಡುತ್ತಾ ಹೋಗುವವರಿಗೆ ಸರಿ.

ಹಾಗಾಗಿ ಈಗ ನನ್ನದು ರಾತ್ರಿ ರೈಲು. ಆಫೀಸ್ ಮುಗಿಸಿ ಹತ್ತಿದರೆ ಬೆಳಗ್ಗೆ ಊರು. ರಜೆ ಉಳಿಯುತ್ತೆ, ಸ್ಲೀಪರ್ ಟಿಕೆಟ್ ವಿಮಾನಕ್ಕೆ ಹೋಲಿಸಿದರೆ ಏನೇನೂ ಅಲ್ಲ, ಉಪ್ಪಿನಕಾಯಿಗೂ ತಕರಾರಿಲ್ಲ. ಯಾರಿಗಾದರೂ ಹುಷಾರಿಲ್ಲ, ಇವತ್ತೇ ಹೋಗಬೇಕು ಅಂದರೆ ಮಾತ್ರ ಮೊದಲು ವಿಮಾನ ಇದೆಯಾ ನೋಡುತ್ತೇನೆ. ಉಳಿದಂತೆ ವಾಡಿಯಲ್ಲಿ ಎಚ್ಚರ, ಒಂದು ಚಹಾ. ಶಹಾಬಾದ್ ದಾಟಿದ ಮೇಲೆ ಅವ್ವನಿಗೆ ಫೋನ್ ಮಾಡಿದರೆ ಸಾಕು, ನಾನು ಬಾಗಿಲು ತಟ್ಟುವಷ್ಟರಲ್ಲಿ ಹಂಚು ಒಲೆ ಮೇಲಿರುತ್ತೆ.