ಹಳೆಯ ಕಾಂಪೌಂಡ್ ಬಿಲ್ಲು ಕೊಳ್ಳುವವರಿಗೆ: ಲಿಂಬ್ ಮೇಲಿನ ಹೊದಿಕೆ ತೆಗೆಸದೆ ಹಣ ಕೊಡಬೇಡಿ

ವಿಸ್ಕಾನ್ಸಿನ್ ರಾಜ್ಯದಲ್ಲಿ ಬಿಲ್ಲುಬೇಟೆಯ ಋತು ಸೆಪ್ಟೆಂಬರ್ ಮಧ್ಯಭಾಗದಲ್ಲಿ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ಒಂದೆರಡು ತಿಂಗಳಲ್ಲಿ ಹಳೆಯ ಕಾಂಪೌಂಡ್ ಬಿಲ್ಲುಗಳ, ಅಂದರೆ ಲಿಂಬ್ ಎಂಬ ಬಾಗುವ ತೋಳುಗಳ ತುದಿಯಲ್ಲಿ ರಾಟೆಗಳಿರುವ ಬಿಲ್ಲುಗಳ, ಕೊಡುಕೊಳ್ಳುವಿಕೆ ಜೋರಾಗಿ ನಡೆಯುತ್ತದೆ. ಮೇಲ್ದರ್ಜೆಯ ಹೊಸ ಬಿಲ್ಲಿಗೆ ಗುರಿ ನೋಡುವ ಸೈಟ್, ಬಾಣ ಕೂರುವ ರೆಸ್ಟ್, ಬತ್ತಳಿಕೆ ಯಾವುದೂ ಇಲ್ಲದೆಯೇ ಸಾವಿರ ಡಾಲರಿಗೂ ಹೆಚ್ಚು ತೆರಬೇಕಾಗುವುದರಿಂದ, ಕೆಲ ವರ್ಷ ಬಳಸಿದ ಬಿಲ್ಲು ಅರ್ಧ ಬೆಲೆಗೆ ಸಿಕ್ಕರೆ ಯಾರಿಗಾದರೂ ಆಸೆಯಾಗುವುದು ಸಹಜ. ಹಾಗೆ ಕೊಂಡ ಒಂದು ಬಿಲ್ಲು, ನಾನು ಪೂರ್ತಿ ಎಳೆದು ಗುರಿ ಹಿಡಿದಿದ್ದಾಗಲೇ, ಮುಖದಿಂದ ಒಂದು ಮೊಳದಾಚೆ ಸಿಡಿದು ಹೋಳಾಯಿತು. ಅದು ಆಕಸ್ಮಿಕವಲ್ಲ, ಯಾರೋ ತಿಳಿದೂ ಮುಚ್ಚಿಟ್ಟ ಹಾನಿಯ ಫಲ ಎಂಬುದು ಆಮೇಲೆ ಗೊತ್ತಾಯಿತು. ಇಲ್ಲಿ ಹೊಸದಾಗಿ ಬಿಲ್ಲು ಹಿಡಿಯುತ್ತಿರುವ ನನ್ನ ಪರಿಚಯದ ಕನ್ನಡಿಗರಲ್ಲಿ ಹೆಚ್ಚಿನವರು ಹಳೆಯ ಬಿಲ್ಲಿನಿಂದಲೇ ಆರಂಭಿಸುತ್ತಿದ್ದಾರೆ; ಅವರಿಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮಾರಿದವರು ಹಳೆಯ ಬಿಲ್ಲುಗಳನ್ನು ಕೊಂಡು, ಸರಿಪಡಿಸಿ, ಮರುಮಾರಾಟ ಮಾಡುವ ಒಬ್ಬ ವ್ಯಕ್ತಿ. ಬಿಲ್ಲು 70 ಪೌಂಡ್ ಎಳೆತದ್ದು, ಪ್ರಸಿದ್ಧ ಕಂಪನಿಯ ತಯಾರಿಕೆ, ಒಂದೇ ಋತುವಿನಲ್ಲಿ ಬಳಕೆಯಾದದ್ದು ಎಂದು ಅವರು ಹೇಳಿದರು. ನಾನು ರೈಸರನ್ನು (ಲಿಂಬ್‌ಗಳು ಕೂರುವ ನಡುವಿನ ಹಿಡಿಕೆ ಭಾಗ) ತಿರುಗಿಸಿ ನೋಡಿದೆ, ತಕ್ಕಡಿಗೆ ಹಾಕಿಸಿ ಎಳೆತದ ತೂಕ ಅಳೆಸಿದೆ, ತುದಿಯ ರಾಟೆಗಳಾದ ಎರಡೂ ಕ್ಯಾಮ್‌ಗಳು ಒಟ್ಟಿಗೆ ಹೊರಳುತ್ತವೆಯೇ ಎಂದು ಪರೀಕ್ಷಿಸಿದೆ. ಈ ಬಿಲ್ಲನ್ನು ಯಾವಾಗಲಾದರೂ ಬಾಣವಿಲ್ಲದೆ ಖಾಲಿ ಹೆದೆ ಎಳೆದು ಬಿಟ್ಟದ್ದುಂಟೇ, ಅಂದರೆ ಡ್ರೈ ಫೈರ್ ಆಗಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದು ಅಷ್ಟೇ ನೇರವಾದ ಉತ್ತರ ಬಂತು. ಹೆದೆ ಮತ್ತು ಕೇಬಲ್‌ಗಳು ಹೊಚ್ಚ ಹೊಸವು. ನಾಲ್ಕೂ ಲಿಂಬ್‌ಗಳ ಮೇಲೆ ಒಣ ಎಲೆ, ಕಡ್ಡಿಗಳ ಚಿತ್ರವಿದ್ದ ಕ್ಯಾಮಫ್ಲಾಜ್ ಹೊದಿಕೆಯನ್ನು ಅಚ್ಚುಕಟ್ಟಾಗಿ ಅಂಟಿಸಿತ್ತು. ಹೆದೆಯೂ ಹೊದಿಕೆಯೂ ಉಚಿತವಾಗಿ ಸೇರಿಸಿದ ಅಲಂಕಾರವೆಂದು ಅವರು ವಿವರಿಸಿದರು.

ಕೆಲವು ವಾರ ಬಿಲ್ಲು ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಹೊರಾಂಗಣದ ಅಭ್ಯಾಸ ಮೈದಾನದಲ್ಲಿ 30 ಗಜದ ಗುರಿಗೆ ಎಳೆದು ನಿಂತಿದ್ದಾಗ ಮೇಲಿನ ಬಲಭಾಗದ ಲಿಂಬ್ ಸೀಳಿತು. ಕ್ಯಾಮ್ ಓರೆಯಾಗಿ ಹೆದೆ ಅದರ ತೋಡಿನಿಂದ ಜಾರಿತು. ಸಡಿಲಗೊಂಡ ಕೇಬಲ್ ನನ್ನ ಎಡಮುಂಗೈಗೆ ಬಾರಿಸಿತು. ಲಿಂಬಿನ ಒಂದು ಚೂರು ಹುಬ್ಬಿನ ಮೇಲೆ ಆಳವಾದ ಗಾಯ ಮಾಡಿ ಹೋಯಿತು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು ಎಂದು ಗಾಯಕ್ಕೆ ಹೊಲಿಗೆ ಹಾಕಿದ ವೈದ್ಯರೇ ಹೇಳಿದರು. ಬಾಣ ಗುರಿಯತ್ತ ಹೋಗದೆ ಅಡ್ಡಲಾಗಿ ಹುಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದ ಸಾಲಿನಲ್ಲಿ ಯಾರೂ ಇಲ್ಲದ ಹೊತ್ತು ಅದು. ಮಕ್ಕಳು ಅಭ್ಯಾಸ ಮಾಡುವ ಮಧ್ಯಾಹ್ನ ಇದೇ ನಡೆದಿದ್ದರೆ ಏನಾಗುತ್ತಿತ್ತೆಂದು ನೆನೆಯಲು ನನಗೆ ಈಗಲೂ ಧೈರ್ಯ ಸಾಲುವುದಿಲ್ಲ.

ಬಿಲ್ಲನ್ನು ಬೇರೊಂದು ಅಂಗಡಿಯ ಅನುಭವಿ ತಂತ್ರಜ್ಞರ ಬಳಿಗೆ ಒಯ್ದೆ. ಅವರು ಅದನ್ನು ಲಿಂಬ್‌ಗಳನ್ನು ಒತ್ತಿ ಹೆದೆ ಸಡಿಲಿಸುವ ಪ್ರೆಸ್‌ಗೆ ಹಾಕಿ ಬಿಚ್ಚಿ, ಮೊದಲು ಹೊದಿಕೆಯನ್ನು ಸುಲಿದರು. ಮುರಿದ ಲಿಂಬಿನ ಅಂಚಿನಲ್ಲಿ ಹಳೆಯ ಬಿರುಕೊಂದಕ್ಕೆ ತೆಳುವಾದ ಅಂಟು ಹನಿಸಿ ಮರಳು ಕಾಗದದಿಂದ ಉಜ್ಜಿ ನಯ ಮಾಡಿದ್ದು ಬಯಲಾಯಿತು. ಮೇಲಿನ ಆಕ್ಸಲ್ (ಕ್ಯಾಮ್ ತಿರುಗುವ ಅಚ್ಚು) ಕಣ್ಣಿಗೆ ಕಾಣದಷ್ಟು ಬಾಗಿತ್ತು. ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದಾಗ ಮಾತ್ರ ಅದು ತಿಳಿಯಿತು. ಕ್ಯಾಮಿನ ತೋಡಿನ ಅಂಚಿನಲ್ಲಿ ನಗ್ಗಿದ ಜಾಗವನ್ನು ಅರದಿಂದ ತಿಕ್ಕಿದ ಗುರುತು ಇತ್ತು. ಈ ಮೂರೂ ಒಂದೇ ಬಿಲ್ಲಿನಲ್ಲಿ ಕಂಡರೆ ಅದು ಡ್ರೈ ಫೈರ್ ಆಗಿ ಹೆದೆ ಕಳಚಿಕೊಂಡಿದ್ದ ಬಿಲ್ಲು ಎಂಬುದರಲ್ಲಿ ತಮಗೆ ಸಂಶಯವಿಲ್ಲವೆಂದರು. ಹೊಸ ಹೆದೆಯ ಕಾರಣವೂ ಆಗ ಸ್ಪಷ್ಟವಾಯಿತು: ಹಳೆಯ ಹೆದೆ ನಗ್ಗಿದ ಅಂಚಿಗೆ ಸಿಕ್ಕಿ ಹರಿದಿರಬೇಕು, ಅದನ್ನು ಹಾಗೆಯೇ ಬಿಟ್ಟಿದ್ದರೆ ನೋಡಿದವರು ಕೂಡಲೇ ಪ್ರಶ್ನೆ ಕೇಳುತ್ತಿದ್ದರು.

ಬಿಲ್ಲುಬೇಟೆಗಾರರು ಸೇರಿದಾಗ ತಮ್ಮ ಬಿಲ್ಲುಗಳ ಬಗ್ಗೆ ಆಡುವ ಮಾತು ಬಹುಪಾಲು ಬಾಣದ ವೇಗ, ಬ್ರೇಸ್ ಹೈಟ್ (ಹಿಡಿಕೆಗೂ ಹೆದೆಗೂ ಇರುವ ಅಂತರ), ಆಕ್ಸಲ್‌ನಿಂದ ಆಕ್ಸಲ್‌ಗಿರುವ ಉದ್ದ, ಸದ್ದು ಎಷ್ಟು ಕಡಿಮೆ ಎಂಬುದರ ಸುತ್ತಲೇ ತಿರುಗುತ್ತದೆ. ಆ ಬಿಲ್ಲು ನಮ್ಮ ಕೈಗೆ ಬರುವ ಮುನ್ನ ಏನೇನು ಕಂಡಿದೆ ಎಂಬ ಮಾತು ಅಪರೂಪ. ಮಿಸೌರಿಯ ಹೊಲೆಸ್ ವಿಲ್ಬರ್ ಆಲನ್ 1960ರ ದಶಕದಲ್ಲಿ ಬಿಲ್ಲಿನ ತುದಿಗಳಿಗೆ ಓರೆಕೇಂದ್ರದ ರಾಟೆಗಳನ್ನು ಜೋಡಿಸಿ 1969ರಲ್ಲಿ ಪೇಟೆಂಟ್ ಪಡೆದಾಗಿನಿಂದ ಕಾಂಪೌಂಡ್ ಬಿಲ್ಲಿನ ದೊಡ್ಡ ಅನುಕೂಲವೆಂದರೆ ಲೆಟ್ ಆಫ್, ಅಂದರೆ ಪೂರ್ತಿ ಎಳೆದಾಗ ಕೈಗೆ ಭಾರ ಇಳಿಯುವುದು. 70 ಪೌಂಡಿನ ಬಿಲ್ಲಿಗೆ ಶೇಕಡಾ 80 ಲೆಟ್ ಆಫ್ ಇದ್ದರೆ ಪೂರ್ತಿ ಎಳೆದ ಮೇಲೆ ಬೆರಳಿಗೆ ಉಳಿಯುವ ಭಾರ 14 ಪೌಂಡ್ ಮಾತ್ರ. ಮರದ ಮೇಲಿನ ಅಟ್ಟಣೆಯಲ್ಲಿ ಕೂತು, ಜಿಂಕೆ ಇನ್ನೊಂದು ಹೆಜ್ಜೆ ಮುಂದಿಡಲಿ ಎಂದು ಕಾಯುವ ಬೇಟೆಗಾರನಿಗೆ ಇದು ನಿಜವಾದ ವರ. ಆದರೆ ಕೈಗೆ ಹಗುರವೆನಿಸುವ ಆ ಕ್ಷಣದಲ್ಲೇ ಲಿಂಬ್‌ಗಳು ಅತಿ ಹೆಚ್ಚು ಬಾಗಿರುತ್ತವೆ, ಅತಿ ಹೆಚ್ಚು ಶಕ್ತಿಯನ್ನು ಹಿಡಿದಿಟ್ಟಿರುತ್ತವೆ. ಬಿಲ್ಲಿನೊಳಗೆ ಆಗುತ್ತಿರುವುದನ್ನು ಕೈ ನಮಗೆ ಹೇಳುವುದೇ ಇಲ್ಲ. ಮೇಲಾಗಿ ಲಿಂಬ್ ಗಾಜಿನ ನಾರು ಮತ್ತು ರಾಳದಿಂದ ಮಾಡಿದ ವಸ್ತು. ಲೋಹದಂತೆ ಮೊದಲು ಬಾಗಿ ಮುನ್ಸೂಚನೆ ಕೊಡದೆ, ಒಣಗಿದ ಬಿದಿರಿನಂತೆ ಉದ್ದಕ್ಕೂ ಒಮ್ಮೆಲೇ ಸೀಳುತ್ತದೆ.

ಬಾಣವಿದ್ದಾಗ ಲಿಂಬಿನ ಶಕ್ತಿಯ ಬಹುಪಾಲು ಬಾಣದೊಂದಿಗೆ ಹೊರಟುಹೋಗುತ್ತದೆ. ಬಾಣವಿಲ್ಲದಿದ್ದರೆ ಅದಷ್ಟೂ ಬಿಲ್ಲಿಗೇ ಹಿಂದಿರುಗಿ ಲಿಂಬ್, ಆಕ್ಸಲ್, ಕ್ಯಾಮ್, ಹೆದೆಗಳ ಮೇಲೆ ಬೀಳುತ್ತದೆ. ಅಂಗಡಿಗೆ ಬಂದ ಯಾರೋ ಒಬ್ಬರು ಕುತೂಹಲಕ್ಕೆ ಎಳೆದು ಕೈಬಿಟ್ಟರೂ ಸಾಕು. ಇದಲ್ಲದೆ ಇನ್ನೊಂದು ನಿಧಾನ ವಿಷವಿದೆ, ಅದು ತೀರ ಹಗುರವಾದ ಬಾಣ. ಎಳೆತದ ಪ್ರತಿ ಪೌಂಡಿಗೆ ಬಾಣ ಕನಿಷ್ಠ 5 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ತೂಗಬೇಕು ಎಂಬುದು ತಯಾರಕರು ಸಾಮಾನ್ಯವಾಗಿ ಹಾಕುವ ಮಿತಿ. 70 ಪೌಂಡಿಗೆ ಅದು 350 ಗ್ರೇನ್. ಜಾಹೀರಾತಿನಲ್ಲಿ ಕಾಣುವ ವೇಗದ ಅಂಕಿಗಳೂ ಸಾಮಾನ್ಯವಾಗಿ 70 ಪೌಂಡ್, 30 ಇಂಚು ಎಳೆತ ಮತ್ತು ಇದೇ 350 ಗ್ರೇನ್ ಬಾಣದ ಲೆಕ್ಕದವು. ಆ ಅಂಕಿಯನ್ನೂ ಮೀರಬೇಕೆಂಬ ಹಂಬಲದಲ್ಲಿ ಹಿಂದಿನ ಮಾಲೀಕರು ಇನ್ನೂ ಹಗುರವಾದ ಬಾಣ ಬಳಸಿದ್ದರೆ, ಬಿಲ್ಲು ಪ್ರತಿ ಬಾರಿಯೂ ಅರೆಬರೆ ಡ್ರೈ ಫೈರಿನ ಪೆಟ್ಟು ತಿಂದಿರುತ್ತದೆ. ಆದ್ದರಿಂದ ಮಾರುವವರನ್ನು ಅವರ ಬಾಣದ ಒಟ್ಟು ತೂಕವನ್ನೂ ಕೇಳಿ. ನಿಜವಾಗಿ ಬೇಟೆಯಾಡುವವರಿಗೆ ಆ ಅಂಕಿ ಬಾಯಿಪಾಠವಾಗಿರುತ್ತದೆ.

ಮಾರಿದ ವ್ಯಕ್ತಿಗೆ ಚಿತ್ರಗಳನ್ನು ಕಳುಹಿಸಿದಾಗ, ನೀವು ನೋಡಿಯೇ ಕೊಂಡಿದ್ದೀರಿ ಎಂಬ ಒಂದು ಸಾಲಿನ ಉತ್ತರ ಬಂದು ಮಾತು ಅಲ್ಲಿಗೇ ನಿಂತಿತು. ತಯಾರಕರು ಸೌಜನ್ಯದಿಂದಲೇ ಮಾತನಾಡಿದರು. ಆದರೆ ಅವರ ಖಾತರಿ ಮೊದಲ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವುಗಳ ನಿಯಮ ಇದೇ. ಸರಣಿ ಸಂಖ್ಯೆ ಹೇಳಿದಾಗ ಬಿಲ್ಲು ನನಗೆ ತಿಳಿಸಿದ್ದಕ್ಕಿಂತ ಹಳೆಯದೆಂಬುದೂ ಹೊರಬಿತ್ತು. ಲಿಂಬ್‌ಗಳ ಬಾಗುವ ಗುಣ ಒಂದಕ್ಕೊಂದು ಹೊಂದಬೇಕಾದ್ದರಿಂದ ಅವುಗಳನ್ನು ಜೊತೆಯಾಗಿಯೇ ಬದಲಿಸಬೇಕು. ಅದರೊಂದಿಗೆ ಕ್ಯಾಮ್, ಆಕ್ಸಲ್, ಹೆದೆಗಳನ್ನೂ ಸೇರಿಸಿದರೆ ಇನ್ನೊಂದು ಹಳೆಯ ಬಿಲ್ಲನ್ನೇ ಕೊಳ್ಳಬಹುದಾದಷ್ಟು ಖರ್ಚು. ನಾನು ಅದನ್ನು ಸರಿಪಡಿಸದೆ, ಉಳಿದ ಲಿಂಬ್‌ಗಳನ್ನು ಗರಗಸದಿಂದ ತುಂಡರಿಸಿದೆ. ಬಿಡಿಭಾಗವಾಗಿಯೂ ಅವು ಮತ್ತೊಬ್ಬರ ಕೈಗೆ ಸೇರಬಾರದು.

ಹಳೆಯ ಬಿಲ್ಲನ್ನು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಲಿಂಬಿನ ಮೇಲೆ ಹೊದಿಕೆ, ಟೇಪು, ಕೈಯಿಂದ ಹಚ್ಚಿದ ಬಣ್ಣ ಏನೇ ಇದ್ದರೂ ಅದನ್ನು ತೆಗೆಸಿ ನೋಡಿದ ಮೇಲೆಯೇ ಹಣ ಕೊಡಿ. ಮಾರುವವರು ಒಪ್ಪದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟು ಬನ್ನಿ. ಬರಿದಾದ ಲಿಂಬಿನ ಅಂಚುಗಳ ಉದ್ದಕ್ಕೂ ಹತ್ತಿಯ ಉಂಡೆಯನ್ನು ಮೆಲ್ಲಗೆ ಸವರಿದರೆ, ಎದ್ದ ನಾರು ಅದರ ಎಳೆಗಳನ್ನು ಹಿಡಿದೆಳೆಯುತ್ತದೆ. ಬರಿ ಬೆರಳಿನಿಂದ ಸವರಬೇಡಿ, ಗಾಜಿನ ನಾರು ಚರ್ಮದೊಳಗೆ ಮುರಿದರೆ ತೆಗೆಯುವುದು ಕಷ್ಟ. ಆಕ್ಸಲ್ ಹಾದುಹೋಗುವ ತುದಿಯನ್ನೂ ಲಿಂಬ್ ರೈಸರಿಗೆ ಕೂರುವ ಬುಡವನ್ನೂ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು. ಇಷ್ಟು ಸಾಲದು: ಬಿಲ್ಲುಪ್ರೆಸ್ ಇರುವ, ಮಾರುವವರಿಗೆ ಸಂಬಂಧವಿಲ್ಲದ ಅಂಗಡಿಯಲ್ಲಿ ಬಿಚ್ಚಿಸಿ ಆಕ್ಸಲ್ ಮತ್ತು ಕ್ಯಾಮ್ ಪರೀಕ್ಷಿಸಿ ಎಂದು ಕೇಳಿ, ಅದರ ಶುಲ್ಕವನ್ನು ಬಿಲ್ಲಿನ ಬೆಲೆಯಲ್ಲೇ ಸೇರಿದ್ದೆಂದು ತಿಳಿಯಿರಿ. ಬಿಲ್ಲನ್ನು ಮೊದಲ ಸಲ ಪೂರ್ತಿ ಎಳೆಯುವುದು ಮನುಷ್ಯನಲ್ಲ, ಡ್ರಾ ಬೋರ್ಡ್ ಆಗಿರಲಿ. ಮರದ ಹಲಗೆಗೆ ಬಿಲ್ಲನ್ನು ಸಿಕ್ಕಿಸಿ ರಾಟೆಯಿಂದ ನಿಧಾನವಾಗಿ ಎಳೆಯುವ ಈ ಸಾಧನ ಅನೇಕ ಅಂಗಡಿಗಳಲ್ಲಿ ಇರುತ್ತದೆ, ಏನಾದರೂ ಸಿಡಿದರೆ ಅದರ ಹಿಂದೆ ಯಾರ ಮುಖವೂ ಇರುವುದಿಲ್ಲ.

ಕರ್ನಾಟಕದಲ್ಲಿರುವ ಓದುಗರಿಗೂ ಇದು ಸಂಬಂಧಿಸಿದ ವಿಷಯವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಈಗ ಹವ್ಯಾಸದ ಬೇಟೆಗೆ ಅವಕಾಶವಿಲ್ಲ, ಅಲ್ಲಿ ಕಾಂಪೌಂಡ್ ಬಿಲ್ಲು ಕ್ರೀಡೆಗೆ ಮಾತ್ರ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನದ ಪದಕಗಳನ್ನು ಭಾರತ ಗೆದ್ದಿತು, 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಈ ಉತ್ಸಾಹದಲ್ಲಿ ನನ್ನ ಬಂಧುಗಳೇ ಇಲ್ಲಿಂದ ಹಳೆಯ ಬೇಟೆಬಿಲ್ಲೊಂದನ್ನು ತಂದುಕೊಡಿ ಎಂದು ಕೇಳಿದ್ದಾರೆ. ನಾನು ಬೇಡವೆಂದಿದ್ದೇನೆ. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ (ವರ್ಲ್ಡ್ ಆರ್ಚರಿ) ನಿಯಮದಲ್ಲಿ ಕಾಂಪೌಂಡ್ ಬಿಲ್ಲಿನ ಎಳೆತ 60 ಪೌಂಡ್ ಮೀರುವಂತಿಲ್ಲ, ಆದ್ದರಿಂದ 70 ಪೌಂಡಿನ ಬಿಲ್ಲನ್ನು ಸ್ಪರ್ಧೆಗೆ ಒಗ್ಗಿಸಲು, ಲಿಂಬನ್ನು ರೈಸರಿಗೆ ಬಿಗಿಯುವ ಲಿಂಬ್ ಬೋಲ್ಟ್‌ಗಳನ್ನು ಸಡಿಲಿಸಬೇಕಾಗುತ್ತದೆ. ತಯಾರಕರು ಹೇಳಿದಷ್ಟು ಸುತ್ತನ್ನು ಮೀರಿ ಸಡಿಲಿಸಿದರೆ ಲಿಂಬ್ ತನ್ನ ಜಾಗದಿಂದಲೇ ಕಳಚಿ ಬರಬಹುದು. ಪ್ರೆಸ್ ಇಲ್ಲದ ಊರಿನಲ್ಲಿ, ಹಿನ್ನೆಲೆ ತಿಳಿಯದ ಬಿಲ್ಲಿನ ಮೇಲೆ ಇಂತಹ ಪ್ರಯೋಗ ನಡೆಯಬಾರದು.

ಹೊದಿಕೆ ಹಾಕಿದ ಹಳೆಯ ಬಿಲ್ಲು ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ಒಮ್ಮೆ ಎಳೆದು ನೋಡೋಣ ಎಂದು ಮುಂದಾಗಬೇಡಿ; ಇಷ್ಟು ದಿನ ಏನೂ ಆಗಿಲ್ಲವೆಂಬುದು ಸುರಕ್ಷತೆಯ ಪುರಾವೆಯಲ್ಲ, ನನ್ನ ಬಿಲ್ಲೂ ವಾರಗಟ್ಟಲೆ ಸುಮ್ಮನಿತ್ತು. ಮನೆಯಲ್ಲಿ ಇತರರು ಮುಟ್ಟದಂತೆ ಪೆಟ್ಟಿಗೆಯಲ್ಲಿಟ್ಟು, ಎಳೆಯದೆ ಅಂಗಡಿಗೆ ಒಯ್ದು, ಹೊದಿಕೆ ಸುಲಿದು ಲಿಂಬಿನ ನಾಲ್ಕೂ ಅಂಚು ನೋಡುವಂತೆ ಅವರನ್ನು ಕೇಳಿ. ಬಿರುಕು ಕಂಡರೆ ಅಂಟು ಹಾಕಿಸುವ ಮಾತಿಗೆ ಒಪ್ಪಬೇಡಿ; ಅದು ದುರಸ್ತಿಯಾಗುವ ಭಾಗವಲ್ಲ, ಬದಲಾಯಿಸಲೇಬೇಕಾದ ಭಾಗ.